ಜೀಪಿನ ಮುಖ, ಹಿಂದಿನ ಸೀಟು

ವಾಹನಗಳ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಸ್ಟಿಯರಿಂಗ್ ಹಿಡಿದು ಕೂತು ಬರೆಯುತ್ತಾರೆ. ನಮ್ಮಂಥ ಹೆಚ್ಚಿನ ಹೆಂಗಸರು ದಾರಿ ಕಂಡದ್ದು ಹಿಂದಿನ ಸೀಟಿನಿಂದ. ಮಹೀಂದ್ರ ಕಂಪನಿಯ 'ಥಾರ್' ಬಗ್ಗೆ ಅಲ್ಲಿಂದಲೇ ನಾಲ್ಕು ಮಾತು ಹೇಳಬೇಕೆನ್ನಿಸಿದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ನಮಗೆ ಥಾರ್ ನೋಡಿದೊಡನೆ ಹಳೆಯ ನೆಂಟರು ಸಿಕ್ಕಂತಾಗುತ್ತದೆ. ದುಂಡು ದೀಪ, ನೆಟ್ಟಗೆ ನಿಂತ ಮೂತಿ, ಹೊರಗೆ ಕಾಣುವ ಬಾಗಿಲ ಕೀಲು, ಬೆನ್ನಿಗೆ ಕಟ್ಟಿಕೊಂಡ ಸ್ಟೆಪ್ನಿ, ಎಲ್ಲವೂ ಜೀಪಿನದೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪನ್ನು ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಇಲ್ಲಿ ಜೋಡಿಸತೊಡಗಿದರು. ನಮ್ಮ ಹಳ್ಳಿಗಳಿಗೆ ಬರುವ ಹೊತ್ತಿಗೆ ಅದು ಯುದ್ಧವನ್ನು ಮರೆತಿತ್ತು. ದಿಬ್ಬಣ, ಬಾಣಂತಿ, ತೆಂಗಿನಕಾಯಿ ಮೂಟೆ, ಅಡಿಕೆ ಚೀಲ, ಕೊನೆಗೊಂದು ಮೇಕೆ, ಎಲ್ಲರಿಗೂ ಹಿಂದಿನ ಅಡ್ಡ ಬೆಂಚಿನಲ್ಲಿ ಜಾಗವಿತ್ತು. 'ಸ್ವಲ್ಪ ಒತ್ತರಿಸಿಕೊಳ್ಳಿ' ಅಂದರೆ ಮುಗಿಯಿತು.

2010ರಲ್ಲಿ ಬಂದ ಮೊದಲ ಥಾರ್‌ನಲ್ಲೂ ಆ ಅಡ್ಡ ಬೆಂಚು ಇತ್ತು. 2020ರಲ್ಲಿ ಹೊಸ ಥಾರ್ ಬಂದ ಮೇಲೆ ಅದು ಹೋಗಿ, ಮುಂದಕ್ಕೆ ಮುಖ ಮಾಡಿದ ಸೀಟು, ಬೆಲ್ಟು ಬಂದವು. ಇದು ಒಳ್ಳೆಯದೇ. ಹಳೆಯ ಜೀಪನ್ನು ನೆನೆದು ಕಣ್ಣು ತುಂಬಿಕೊಳ್ಳುವವರು, ಅದು ಮಗುಚಿದರೆ ಹಿಂದೆ ಕೂತವರ ಗತಿ ಏನಾಗುತ್ತಿತ್ತೆಂಬುದನ್ನೂ ನೆನೆಯಬೇಕು. ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್‌ನ ಡಿಕ್ಕಿ ಪರೀಕ್ಷೆಯಲ್ಲಿ ಹೊಸ ಥಾರ್ ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ 5ರಲ್ಲಿ 4 ನಕ್ಷತ್ರ ಪಡೆಯಿತು.

ಕಸುವಿನಲ್ಲೂ ಕೊರತೆಯಿಲ್ಲ. ನೆಲದಿಂದ 226 ಮಿ.ಮೀ. ಎತ್ತರ, 650 ಮಿ.ಮೀ., ಅಂದರೆ ಎರಡು ಅಡಿ ದಾಟಿದ ನೀರಿನಲ್ಲೂ ನಡೆಯಬಲ್ಲದೆಂದು ಕಂಪನಿಯ ಲೆಕ್ಕ. ಗೇರಿನ ಪಕ್ಕದ ಇನ್ನೊಂದು ಕಡ್ಡಿಯನ್ನು 'ಫೋರ್ ಲೋ'ಗೆ ಹಾಕಿದರೆ ನಾಲ್ಕೂ ಚಕ್ರಕ್ಕೆ ಬಲ ಹೋಗಿ, ವೇಗ ತಗ್ಗಿ, ಎಳೆಯುವ ಶಕ್ತಿ ಹೆಚ್ಚುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಕೋಡಿ ಬಿದ್ದದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಹರಿಯುವ ನೀರಿನ ಮುಂದೆ ಯಾವ ಗಾಡಿಯೂ ದೊಡ್ಡದಲ್ಲ ಎಂಬುದೂ ಗೊತ್ತು.

ಆದರೆ 2023ರ ಜನವರಿಯಲ್ಲಿ, ಹಿಂದಿನ ಎರಡೇ ಚಕ್ರಕ್ಕೆ ಬಲ ಹೋಗುವ ಅಗ್ಗದ ಥಾರ್ ಕೂಡ ಬಂತು. ಮೂತಿ ಅದೇ, ಒಳಗಿನ ಕಸುವು ಅದಲ್ಲ. ಬಯಲಾಟದ ರಾಜನ ಹಾಗೆ: ಕಿರೀಟ ಇದೆ, ರಾಜ್ಯ ಇಲ್ಲ. ಕೊಳ್ಳುವವರು ಇದನ್ನು ಕೇಳಿ ತಿಳಿಯಬೇಕು.

ನನ್ನ ದೊಡ್ಡ ತಕರಾರು ಬಾಗಿಲಿನದು. ಈ ಥಾರ್‌ಗೆ ಇರುವುದು ಮೂರೇ ಬಾಗಿಲು. ಅದರಲ್ಲೊಂದು ಹಿಂದಿನ ಸಾಮಾನಿನದು. ಹಿಂದೆ ಕೂರುವವರು ಮುಂದಿನ ಸೀಟು ಬಾಗಿಸಿ, ನೆರಿಗೆ ಎತ್ತಿಹಿಡಿದು, ತಲೆ ತಗ್ಗಿಸಿ ನುಸುಳಬೇಕು. ಕಂಕುಳಲ್ಲಿ ಮಗುವಿದ್ದವರು, ಮಂಡಿನೋವಿನ ಅತ್ತೆಯವರು ಏನು ಮಾಡಬೇಕು? ಗಟ್ಟಿ ಚಾವಣಿಯ ಗಾಡಿಯಲ್ಲಿ ಹಿಂದಿನ ಗಾಜು ಇಳಿಯುವುದಿಲ್ಲ. ಹಿರಿಯೂರಿನ ಏಪ್ರಿಲ್ ಬಿಸಿಲು ನೆನೆಸಿಕೊಳ್ಳಿ! ಹಿಂದಿನವರಿಗೂ ಎ.ಸಿ. ಗಾಳಿ ಬರುವ ಕಿಂಡಿ ಸಿಕ್ಕಿದ್ದು 2025ರ ಅಕ್ಟೋಬರಿನಲ್ಲಿ. ಅದಕ್ಕೆ ಐದು ವರ್ಷ ಹಿಡಿಯಿತು.

2024ರ ಆಗಸ್ಟ್ 15ರಂದು ಐದು ಬಾಗಿಲಿನ 'ಥಾರ್ ರಾಕ್ಸ್' ಬಂತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2450ರಿಂದ 2850 ಮಿ.ಮೀ.ಗೆ ಏರಿತು. ಅದೇ ವರ್ಷ ಭಾರತ್ ಎನ್‌ಕ್ಯಾಪ್‌ನಲ್ಲಿ 5 ನಕ್ಷತ್ರವೂ ಸಿಕ್ಕಿತು. ಸಂಸಾರವಂದಿಗರಿಗೆ ಸಲ್ಲುವುದು ಇದು. ಬೆಲೆ ಮಾತ್ರ ಮೇಲೆ.

ಹಳೆಯ ಜೀಪಿನಿಂದ ಏನನ್ನು ಉಳಿಸಿಕೊಳ್ಳಬೇಕಿತ್ತು ಎಂಬುದೇ ನನ್ನ ಪ್ರಶ್ನೆ. ದುಂಡು ದೀಪ ಉಳಿಸಿಕೊಂಡರು, ಸಂತೋಷ. ಜನ ಅದನ್ನು ಪ್ರೀತಿಸಿದ್ದು ದೀಪಕ್ಕಾಗಿ ಅಲ್ಲ, ಅದು ಎಲ್ಲರನ್ನೂ ಹತ್ತಿಸಿಕೊಳ್ಳುತ್ತಿದ್ದುದಕ್ಕೆ. ನಿಮ್ಮ ಮನೆಯವರು ಇಂಥ ಗಾಡಿ ನೋಡಲು ಹೊರಟರೆ ನೀವೂ ಹೋಗಿ, ಹಿರಿಯರನ್ನೂ ಕರೆದೊಯ್ಯಿರಿ. ಗಂಡಸರು ಸ್ಟಿಯರಿಂಗ್ ತಿರುಗಿಸುತ್ತಿರಲಿ, ನೀವು ಹಿಂದೆ ಹತ್ತಿ ಕೂತು ಬಾಗಿಲು ಹಾಕಿಸಿ ನೋಡಿ. ಇಳಿದ ಮೇಲೆ ಅತ್ತೆಯವರು ಏನನ್ನುತ್ತಾರೋ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.