ಹತ್ತರಲ್ಲಿ ಒಬ್ಬನಿಗೆ ಪ್ರವೇಶ

ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಒಂದು ಆಟ ಹೊರಬಂತು. ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕತೆ ನಡೆಸುತ್ತಾನೆ, ಮಿಕ್ಕವರು ಒಂದೊಂದು ಪಾತ್ರ ಹಿಡಿದು ಮಾತಾಡುತ್ತಾರೆ. ಬೀಸಿದ ಕತ್ತಿ ತಗುಲಿತೋ ಇಲ್ಲವೋ ಅಂತ ದಾಳ ಹೇಳುತ್ತೆ. ಬೆಂಗಳೂರಿನ ಹುಡುಗರೂ ಈಗ ಇದನ್ನ ಆಡ್ತಾರೆ. ಮಕ್ಕಳಾಟ ಅಂತ ತಳ್ಳಿಹಾಕುವವರು ತಳ್ಳಿಹಾಕಲಿ. ಯಾರು ಮನುಷ್ಯ, ಯಾರು ರಾಕ್ಷಸ ಅಂತ ಪುಸ್ತಕ ಬರೆದು, ಅಂಕಿ ಹಾಕಿ, ಕೋಷ್ಟಕ ಕಟ್ಟಿ ಹೇಳುವ ಆಟವನ್ನು ನಾವು ಹಾಗೆ ತಳ್ಳಿಹಾಕಲಾರೆವು. ಅಂಥ ಪುಸ್ತಕಗಳಿಂದ ಪೆಟ್ಟು ತಿಂದ ಜನ ನಾವು.

ಆಡುವವನು ರಾಕ್ಷಸನ ಪಾತ್ರ ತಗೋಬಹುದೆ? ಈ ಆಟದಲ್ಲಿ ಐವತ್ತು ವರ್ಷದಿಂದ ನಡೆದಿರುವ ಜಗಳ ಇದು. ಮೊದಲ ಪುಸ್ತಕ ಉದಾರವಾಗಿಯೇ ಇತ್ತು: ಏನು ಬೇಕಾದರೂ ಆಗಿ, ಆದರೆ ದುರ್ಬಲನಾಗಿ ಶುರುಮಾಡಿ ಮೇಲೆ ಬನ್ನಿ. 1979ರ ಡಂಜನ್ ಮಾಸ್ಟರ್ಸ್ ಗೈಡ್ ಬರುವ ಹೊತ್ತಿಗೆ ಗೈಗ್ಯಾಕ್ಸ್ ಮಾತು ಬಿಗಿಯಾಗಿತ್ತು. ಇಂಥ ಪಾತ್ರ ಕೇಳುವವರಲ್ಲಿ ಬಹುಪಾಲು ಮಂದಿಗೆ ಬೇಕಾಗಿರುವುದು ಬಲ, ಇದು ಮನುಷ್ಯರ ಲೋಕ, ಸಲೀಸಾಗಿ ಕೊಡಬೇಡಿ ಎಂಬ ಧಾಟಿ. ಅದರಲ್ಲಿ ಸ್ವಲ್ಪ ನಿಜವಿದೆ. ಡ್ರ್ಯಾಗನ್ ಆಗ್ತೀನಿ ಅನ್ನುವ ಹುಡುಗನಿಗೆ ಅದರ ರೆಕ್ಕೆ ಮೇಲೆ ಆಸೆಯೇ ಹೊರತು ಅದರ ಪಾಡಿನ ಮೇಲಲ್ಲ. ಆದರೆ ಮಾಂತ್ರಿಕನ ಪಾತ್ರ ಹಿಡಿದ ಮನುಷ್ಯ ಕೇಳೋದೂ ಬಲವನ್ನೇ ಅಲ್ಲವೆ? ಅವನನ್ನು ಯಾರೂ ಅನುಮಾನಿಸಲಿಲ್ಲ.

1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಿನಲ್ಲಿ ಹಾಫ್-ಆರ್ಕ್ ಅನ್ನುವ ಕುಲಕ್ಕೆ ಪ್ರವೇಶ ಕೊಟ್ಟಿದ್ದಾರೆ. ಆರ್ಕ್ ಅಂದರೆ ಟೋಲ್ಕಿನ್ ಕತೆಗಳಿಂದ ಬಂದ ಕುರೂಪಿ ಕಾಲಾಳು. 1958ರ ಒಂದು ಕಾಗದದಲ್ಲಿ ಅವರ ಮುಖ ವರ್ಣಿಸುವಾಗ ಟೋಲ್ಕಿನ್ ಮಂಗೋಲ್ ಮುಖವನ್ನೇ ವಿಕಾರ ಮಾಡಿ ಹೇಳಿದ. ಅಳತೆ ಯುರೋಪಿನ ಕಣ್ಣಿನದು ಅಂತ ಆವರಣದೊಳಗೆ ಒಪ್ಪಿಕೊಂಡದ್ದೂ ಉಂಟು. ಈ ಆರ್ಕ್‌ಗೂ ಮನುಷ್ಯರಿಗೂ ಹುಟ್ಟಿದವನು ಹಾಫ್-ಆರ್ಕ್. ಇವರಲ್ಲಿ ಹತ್ತರಲ್ಲಿ ಒಬ್ಬ ಮಾತ್ರ ಮನುಷ್ಯ ಅಂತ ಹೇಳಿಕೊಂಡು ಓಡಾಡುವಷ್ಟು ಲಕ್ಷಣವಾಗಿರುತ್ತಾನಂತೆ. ಆಟಗಾರನ ಪಾತ್ರ ಆ ಉತ್ತಮ ಹತ್ತನೇ ಭಾಗಕ್ಕೆ ಸೇರಿದ್ದು ಅಂತ ತಿಳಿಯಬೇಕಂತೆ. ಉಳಿದ ಒಂಬತ್ತು ಮಂದಿಗೆ ಗುಹೆಯೇ ಗತಿ.

‘ನೋಡಿದರೆ ಹಾಗೆ ಕಾಣೋದೇ ಇಲ್ವಲ್ಲಪ್ಪ ನೀನು’ ಎಂಬ ಮೆಚ್ಚುಗೆಯನ್ನು ಬಾಡಿಗೆ ಮನೆ ಬಾಗಿಲಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ ಕೇಳಿಸಿಕೊಂಡವರು ನಮ್ಮ ಓದುಗರಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಗೆ ಬಂದವನಿಗೂ ಗೆರೆ ಎಳೆದಿದ್ದರು. ಮನುಷ್ಯ ಯೋಧ ಎಷ್ಟು ಎತ್ತರಕ್ಕಾದರೂ ಏರಬಹುದು. ಹಾಫ್-ಆರ್ಕ್ ಯೋಧ ಹತ್ತನೇ ಮೆಟ್ಟಿಲಲ್ಲಿ ನಿಲ್ಲಬೇಕು, ಪೂಜಾರಿಯಾದರೆ ನಾಲ್ಕನೇದರಲ್ಲಿ. ಅವನಿಗೆ ತಡೆಯೇ ಇಲ್ಲದ ಕಸುಬು ಒಂದು, ಕೊಲೆಗಡುಕನದು!

1977ರ ಮಾನ್ಸ್ಟರ್ ಮ್ಯಾನ್ಯುಅಲ್ ಎಂಬ ಪಟ್ಟಿಯಲ್ಲಿ ನಮ್ಮ ರಾಕ್ಷಸನೂ ಇದ್ದಾನೆ, ಹೆಸರು ಸಮೇತ. ಮೊದಲು ಕಂಡದ್ದು ಇಂಡಿಯಾದಲ್ಲಿ ಅಂತ ಬರೆದು, ಹುಲಿಮುಖದ ಚಿತ್ರ ಹಾಕಿ, ಗುಣದ ಕಾಲಮ್ಮಿನಲ್ಲಿ ‘ಕೇಡು’ ಅಂತ ತುಂಬಿದ್ದಾರೆ. ಮಹಿಷನ ಹೆಸರು ಹೊತ್ತ ಮೈಸೂರಿನಲ್ಲಿ ಮಹಿಷ ದಸರಾ ಮಾಡಿ ‘ಆತ ನಮ್ಮ ದೊರೆ’ ಅನ್ನುವ ಜನ ಇದ್ದಾರೆ ಎಂಬುದು ಲೇಕ್ ಜಿನೀವಾಕ್ಕೆ ಎಲ್ಲಿ ಗೊತ್ತಾಗಬೇಕು?

ರಾಕ್ಷಸನ ವೇಷ ಕಟ್ಟೋದಕ್ಕೆ ನಮ್ಮ ಬಯಲಾಟದಲ್ಲೂ ಅಡ್ಡಿಯಿರಲಿಲ್ಲ. ಅವನು ರಂಗಕ್ಕೆ ಬರುವ ಅಬ್ಬರ ನೋಡೋಕೇ ಜನ ನಿದ್ದೆಗೆಟ್ಟು ಕೂರ್ತಾರೆ. ಆದರೂ ಬೆಳಗಾಗುವುದರೊಳಗೆ ಅವನು ಸಾಯಬೇಕು, ಪ್ರಸಂಗ ಹಾಗೆ ಬರೆದಿದೆ. ಹಾಗಾಗಿ ವೇಷಕ್ಕೆ ಅನುಮತಿ ಉಂಟೋ ಇಲ್ಲವೋ ಅನ್ನೋದಕ್ಕಿಂತ ಪ್ರಸಂಗ ಯಾರದು ಎಂದು ನಾವು ಕೇಳಬೇಕಾಗಿದೆ.

ಈ ಆಟದ ಪ್ರಸಂಗ ಏನು ಅಂತ ತಿಳಿಯಲು ಗೈಗ್ಯಾಕ್ಸ್ ಬರೆದ 1979ರ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್ ಸಾಕು. ಈ ಕಡೆ ಮನುಷ್ಯರ ಕೋಟೆ, ಆ ಕಡೆ ಕೋಬೋಲ್ಡ್, ಗಾಬ್ಲಿನ್, ಆರ್ಕ್‌ಗಳ ಗುಹೆಗಳು. ಪ್ರತಿ ಗುಹೆಯಲ್ಲಿ ಎಷ್ಟು ಗಂಡು ಅಂತ ಬರೆದಿರುವ ಹಾಗೇ ಎಷ್ಟು ಹೆಣ್ಣು, ಎಷ್ಟು ಮರಿ ಅಂತಲೂ ಬರೆದಿದೆ. ಕೊಂದರೆ ಅನುಭವದ ಅಂಕ, ಚಿನ್ನ ಹೊತ್ತು ತಂದರೂ ಅಂಕ. ಮಕ್ಕಳಿರುವ ಕಡೆಗೆ ಕೇರಿ ಅನ್ನಬೇಕೋ ಗುಹೆ ಅನ್ನಬೇಕೋ? ಇಂಥ ಪ್ರಸಂಗದಲ್ಲಿ ಒಬ್ಬ ಹಾಫ್-ಆರ್ಕ್‌ಗೆ ಪ್ರವೇಶ ಅಂದರೆ ಅವನ ಕೈಗೂ ಒಂದು ಕತ್ತಿ ಕೊಟ್ಟು ತಾಯಿಯ ಕಡೆಯವರನ್ನೋ ತಂದೆಯ ಕಡೆಯವರನ್ನೋ ಕಡಿಯಲು ಕಳಿಸುವುದು.

ತಿರುಗುಮುರುಗು ಮಾಡಿ ನೋಡಿದವರೂ ಇದ್ದರು. ಕೆನ್ ಸೇಂಟ್ ಆಂಡ್ರೆಯ 1976ರ ಮಾನ್ಸ್ಟರ್ಸ್! ಮಾನ್ಸ್ಟರ್ಸ್! ಆಟದಲ್ಲಿ ರಾಕ್ಷಸರೇ ಮನುಷ್ಯರ ಊರಿಗೆ ನುಗ್ತಾರೆ. ತಮಾಷೆ ಚೆನ್ನಾಗಿದೆ, ಲೆಕ್ಕದ ಪುಸ್ತಕ ಮಾತ್ರ ಅದೇ. ನಮಗೆ ಹಿಡಿಸಿದ್ದು ರೂನ್‌ಕ್ವೆಸ್ಟ್ ಆಟಕ್ಕಾಗಿ ಸ್ಯಾಂಡಿ ಪೀಟರ್ಸನ್, ಗ್ರೆಗ್ ಸ್ಟಾಫರ್ಡ್ 1982ರಲ್ಲಿ ತಂದ ಟ್ರೋಲ್‌ಪ್ಯಾಕ್. ಅಲ್ಲಿ ಟ್ರೋಲ್ ಜನಕ್ಕೆ ತಮ್ಮದೇ ದೇವತೆಗಳು, ಊಟ, ಮನೆತನ, ಚರಿತ್ರೆ ಇವೆ. ಕತ್ತಲೆ ಅವರ ತವರು. ಸತ್ತ ಸೂರ್ಯ ಅಲ್ಲಿಗೆ ಇಳಿದು ಬಂದಾಗ ಅವರು ಸುಟ್ಟುಕೊಂಡು ಮೇಲಿನ ಲೋಕಕ್ಕೆ ಓಡಿ ಬಂದವರು. ಬೆಳಕು ಬಂದದ್ದನ್ನೇ ಅನಾಹುತ ಅಂತ ನೆನೆಯುವ ಜನರ ಬಾಯಿಂದ ಕತೆ ಕೇಳಿದಾಗ ‘ರಾಕ್ಷಸ ಪಾತ್ರಕ್ಕೆ ಅವಕಾಶ ಕೊಡಬಹುದೇ’ ಎಂಬ ಪ್ರಶ್ನೆಯೇ ಸಣ್ಣದಾಗಿಬಿಡುತ್ತೆ. ಕೊಡೋಕೆ ನೀನ್ಯಾರು ಅಂತ ಟ್ರೋಲ್ ಕೇಳಬಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಂಪನಿಗೆ ಬುದ್ಧಿ ಬರೋದು ತಡವಾಯಿತು. 2016ರ ಪುಸ್ತಕದಲ್ಲಿ ಕೂಡ ಆರ್ಕ್ ಪಾತ್ರ ತಗೊಂಡವನ ಬುದ್ಧಿಯಿಂದ ಎರಡು ಅಂಕ ಕಳೆದಿದ್ದರು. 2020ರಲ್ಲಿ ಅದನ್ನು ತೆಗೆದರು. ಆರ್ಕ್‌ಗಳ ಚಿತ್ರಣ ನಿಜವಾದ ಜನಾಂಗಗಳನ್ನು ಹೀನಾಯ ಮಾಡಿದ ರೀತಿಯನ್ನೇ ಹೋಲುತ್ತದೆ ಎಂದೂ ಒಪ್ಪಿಕೊಂಡರು. 2024ರ ಹ್ಯಾಂಡ್‌ಬುಕ್ಕಿನಲ್ಲಿ ಆರ್ಕ್ ಎಲ್ಲರ ಸರಿಸಮ. ಹಳೆಯ ಆಟಗಾರರು ಕೆಲವರು ಗೊಣಗುತ್ತಾರೆ: ಕೆಟ್ಟವರೇ ಇಲ್ಲದ ಮೇಲೆ ಹೊಡೆಯೋದು ಯಾರಿಗೆ? ಆ ಗೊಣಗಾಟಕ್ಕೆ ನಾವು ಮರುಗುವುದಿಲ್ಲ. ನಮ್ಮ ತಕರಾರು ಬೇರೆ. ಹೊಸ ಆರ್ಕ್‌ಗೆ ಅವಮಾನವೂ ಇಲ್ಲ, ನೆನಪೂ ಇಲ್ಲ. ತನ್ನವರು ಗುಹೆ ಸೇರಿದ್ದು ಹೇಗೆ, ಅವರನ್ನು ಕೊಂದು ಅಂಕ ಗಳಿಸಿದವರು ಯಾರು ಅಂತ ಅವನು ಕೇಳೋದಿಲ್ಲ. ಅದೇ ಪುಸ್ತಕದಿಂದ ಹಾಫ್-ಆರ್ಕ್‌ನನ್ನು ಸದ್ದಿಲ್ಲದೆ ಕೈಬಿಟ್ಟಿದ್ದಾರೆ. ಎರಡೂ ಕಡೆಯ ಮಾತು ಬಲ್ಲವನು, ಕೇಳಬಹುದಾಗಿದ್ದವನು ಅವನೊಬ್ಬನಿದ್ದ.