ಹಿಮ ಎಷ್ಟಿದೆ ಎಂದಲ್ಲ, ಎಂಥದ್ದಿದೆ ಎಂದು ಕೇಳಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಚಾರಣಿಗರ ಬಾಯಲ್ಲಿ ಕೇದಾರಕಂಠದ್ದೇ ಜಪ. ಉತ್ತರಾಖಂಡದ ಈ ಶಿಖರ ಸುಮಾರು 12,500 ಅಡಿ ಎತ್ತರದ್ದು. ಚಾರಣ ಶುರುವಾಗುವ ಸಾಂಕ್ರಿ ಎಂಬ ಹಳ್ಳಿಯೇ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿದೆ. ಹೊರಡುವವರು ಕೇಳುವುದು ಒಂದೇ: ‘ಹಿಮ ಎಷ್ಟಿದೆ?’ ಮೊಣಕಾಲುದ್ದ ಇದ್ದರೆ ಸಂಭ್ರಮ, ಇಲ್ಲದಿದ್ದರೆ ದುಡ್ಡು ದಂಡ. ಫೋಟೊಗೆ ಅಷ್ಟು ಸಾಕು, ಕಾಲಿಗೆ ಸಾಲದು.

ಕಾಡಿನ ದಾರಿಯಲ್ಲಿ ಆಗಷ್ಟೇ ಬಿದ್ದ ಹಿಮ ಕಣ್ಣಿಗೆ ದಿಗಿಲು ಹುಟ್ಟಿಸಿದರೂ ಕಾಲಿಗೆ ಸಾಧು. ಬೂಟು ಹೂತು ಏದುಸಿರು ಬರುತ್ತದೆ, ನಿಜ; ಆದರೆ ಜಾರುವುದು ಕಡಿಮೆ, ಬಿದ್ದರೂ ಮೆತ್ತಗೆ. (30ರಿಂದ 45 ಡಿಗ್ರಿಯ ಬೋಳು ಇಳಿಜಾರುಗಳಿಗೆ ಈ ಮಾತು ಸಲ್ಲದು. ಅಲ್ಲಿ ಹೊಸ ಹಿಮವೇ ಕುಸಿಯುವುದು.) ಫಜೀತಿ ಶುರುವಾಗುವುದು ನಾಲ್ಕು ದಿನ ಬಿಸಿಲು ಕಾದ ಮೇಲೆ. ಹಗಲು ಕರಗಿದ ಮೇಲ್ಪದರ ರಾತ್ರಿ ಹೆಪ್ಪುಗಟ್ಟುತ್ತದೆ, ಅದನ್ನು ಸಾಲುಸಾಲು ಬೂಟುಗಳು ತುಳಿದು ತುಳಿದು ಗಾಜು ಮಾಡುತ್ತವೆ. ಕೇದಾರಕಂಠದಂಥ ಜನಜಂಗುಳಿಯ ದಾರಿಯಲ್ಲಿ ಅರ್ಧ ಕೆಲಸ ಹವಾಮಾನದ್ದು, ಇನ್ನರ್ಧ ನಮ್ಮದೇ. ಜೂಡಾ ಕಾ ತಾಲಾಬ್ ಎಂಬ ಕೆರೆಯ ಕಡೆಗೆ ಏರುವ ಕಾಡಿನಲ್ಲಿ, ಬಿಸಿಲು ಇಣುಕದ ಮರಗಳ ಬುಡದಲ್ಲಿ, ಅದು ದಿನಗಟ್ಟಲೆ ಹಾಗೇ ಕೂತಿರುತ್ತದೆ. ಹತ್ತುವಾಗ ಗಮನಕ್ಕೇ ಬಾರದ ಈ ಪದರ ಲೆಕ್ಕ ಚುಕ್ತಾ ಮಾಡುವುದು ಇಳಿಯುವಾಗ.

ಶಿಖರ ಹತ್ತುವ ದಿನ ನಸುಕಿನ ಮೂರಕ್ಕೇ ಎಬ್ಬಿಸುವುದು ಸೂರ್ಯೋದಯ ತೋರಿಸಲಿಕ್ಕೆ ಮಾತ್ರ ಎಂದುಕೊಂಡವರಿದ್ದಾರೆ. ಆ ಹೊತ್ತಿಗೆ ಹಿಮ ಕಲ್ಲಾಗಿರುತ್ತದೆ, ಬೂಟಿಗೆ ಸಿಕ್ಕಿಸಿದ ಮೈಕ್ರೋಸ್ಪೈಕ್‌ನ ಹಲ್ಲು ಕಚ್ಚಿ ಹಿಡಿಯುತ್ತದೆ. ಮಧ್ಯಾಹ್ನವಾದರೆ ಅದೇ ಇಳಿಜಾರು ಸಡಿಲಗೊಂಡು ತೊಡೆಯವರೆಗೂ ಕಾಲನ್ನು ನುಂಗುತ್ತದೆ. ಸ್ವರ್ಗಾರೋಹಿಣಿ, ಬಂದರ್‌ಪೂಂಛ್‌ ಶಿಖರಗಳನ್ನು ಕಣ್ತುಂಬಿಕೊಂಡು ಬೇಗ ಇಳಿಯುವವನೇ ಜಾಣ. ಮೇಲೆ ಗಾಳಿಯೂ ಬಿಡುವುದಿಲ್ಲ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 20. ಬೆವರಿನಲ್ಲಿ ತೊಯ್ದ ಹತ್ತಿಯ ಬನಿಯನ್ ಅಲ್ಲಿ ಶತ್ರು. ಕಪ್ಪು ಕನ್ನಡಕವೂ ಶೋಕಿಯಲ್ಲ: ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ಶೇ 80ರಷ್ಟನ್ನು ಮುಖಕ್ಕೇ ವಾಪಸ್ ಎಸೆಯುತ್ತದೆ.

ನನ್ನನ್ನು ಕೇಳಿದರೆ ಕ್ರಿಸ್‌ಮಸ್ ವಾರ ಬೇಡವೇ ಬೇಡ. ರಜೆಯ ಜನವೆಲ್ಲ ಅಲ್ಲೇ ಇರುತ್ತದೆ, ದಾರಿಯೂ ಅದಕ್ಕೆ ತಕ್ಕಂತೆ ನುಣುಪಾಗಿರುತ್ತದೆ. ಜನವರಿ, ಫೆಬ್ರುವರಿಯಲ್ಲಿ ಪಶ್ಚಿಮದ ಮಾರುತಗಳು ಸುರಿದ ಹಿಮ ಮಾರ್ಚ್ ಆರಂಭದಲ್ಲೂ ಮೇಲೆ ಸಾಮಾನ್ಯವಾಗಿ ಇರುತ್ತದೆ. ಹಗಲು ಉದ್ದ, ಜನ ಕಡಿಮೆ. ಯಾವಾಗ ಹೋದರೂ ಸಾಂಕ್ರಿಯ ಗೈಡ್‌ಗೆ ಎರಡು ಪ್ರಶ್ನೆ ಹಾಕಿ: ಕೊನೆಯ ಸಲ ಹಿಮ ಬಿದ್ದದ್ದು ಯಾವತ್ತು? ಆಮೇಲೆ ಎಷ್ಟು ದಿನ ಬಿಸಿಲಿತ್ತು? ಉತ್ತರ ಏನೇ ಬರಲಿ, ಮೈಕ್ರೋಸ್ಪೈಕ್ ಬಾಡಿಗೆಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ.