ಹಕ್ಕಿನ ಮಾತಿಲ್ಲದ ಸಮೃದ್ಧಿ

ಚೀನಾ ಕಮ್ಯುನಿಸ್ಟ್ ಪಕ್ಷದ ಸೈದ್ಧಾಂತಿಕ ಪತ್ರಿಕೆ ‘ಚಿಯುಷಿ’ 2021ರ ಅಕ್ಟೋಬರ್‌ನಲ್ಲಿ ಷಿ ಜಿನ್‌ಪಿಂಗ್ ಅವರ ಲೇಖನವೊಂದನ್ನು ಪ್ರಕಟಿಸಿತು. ಎರಡು ತಿಂಗಳ ಹಿಂದೆ ಅವರು ಮಾಡಿದ್ದ ಭಾಷಣದ ಬರಹರೂಪ ಅದು. ವಿಷಯ ‘ಸರ್ವರ ಸಮೃದ್ಧಿ’. ಘೋಷಣೆ ಹೊಸದಲ್ಲ, 1953ರಲ್ಲಿ ಕೃಷಿ ಸಹಕಾರ ಸಂಘಗಳ ಬಗ್ಗೆ ಪಕ್ಷ ಕೈಗೊಂಡ ನಿರ್ಣಯದಲ್ಲೇ ಇತ್ತು. ಎಂಬತ್ತರ ದಶಕದಲ್ಲಿ ಡೆಂಗ್ ಷಿಯಾವೊಪಿಂಗ್, ಮೊದಲು ಕೆಲವರು ಶ್ರೀಮಂತರಾಗಲಿ, ಆಮೇಲೆ ಅವರು ಉಳಿದವರನ್ನು ಮೇಲೆತ್ತಲಿ ಎಂದರು. ಮೊದಲರ್ಧ ಭರ್ಜರಿಯಾಗಿ ನಡೆಯಿತು. ಷಿ ಲೇಖನ ಆ ಎರಡನೆಯ ಅರ್ಧಕ್ಕೆ ಬರೆದ ಭಾಷ್ಯ.

ಕಾಯಿಲೆಯನ್ನು ಲೇಖನ ಮುಚ್ಚಿಡುವುದಿಲ್ಲ. ಹಳ್ಳಿ ಮತ್ತು ನಗರದ, ಉಳ್ಳವರ ಮತ್ತು ಇಲ್ಲದವರ ಅಂತರವನ್ನು ಒಪ್ಪಿಕೊಳ್ಳುತ್ತದೆ. ಹಾಗೆ ಒಪ್ಪಿಕೊಂಡದ್ದೇ ದೊಡ್ಡದು. 60 ಕೋಟಿ ಜನರ ತಿಂಗಳ ಆದಾಯ 1,000 ಯುವಾನ್ ಆಸುಪಾಸಿನಲ್ಲಿದೆ ಎಂದು ಆಗಿನ ಪ್ರಧಾನಿ ಲಿ ಕೆಚಿಯಾಂಗ್ 2020ರಲ್ಲಿ ಪತ್ರಕರ್ತರೆದುರು ಹೇಳಿದ್ದು ಅಲ್ಲಿನವರಿಗೆ ಇನ್ನೂ ನೆನಪಿತ್ತು.

ಆದರೆ ಮದ್ದಿನ ವಿಚಾರಕ್ಕೆ ಬಂದಾಗ ಲೇಖನಿ ನಡುಗುತ್ತದೆ. ಸೋಮಾರಿಗಳನ್ನು ಸಾಕುವ ಕಲ್ಯಾಣವಾದದ ಬಲೆಗೆ ಬೀಳಬಾರದು ಎಂದು ಷಿ ಎಚ್ಚರಿಸುತ್ತಾರೆ. ಯಾರಿಗೆ ಈ ಎಚ್ಚರಿಕೆ? ಜೀವಮಾನವೆಲ್ಲ ಹೊಲದಲ್ಲಿ ದುಡಿದ ಚೀನೀ ಮುದುಕನಿಗೆ ಆ ಹೊತ್ತಿಗೆ ಸಿಗುತ್ತಿದ್ದ ಪಿಂಚಣಿ ತಿಂಗಳಿಗೆ ಸರಾಸರಿ ಸುಮಾರು 200 ಯುವಾನ್. ನಗರದ ನಿವೃತ್ತ ನೌಕರರದು 3,000ಕ್ಕೂ ಹೆಚ್ಚು. ಸೋಮಾರಿತನದ ಭಯ ಹುಟ್ಟಬೇಕಾದ ಜಾಗ ಖಂಡಿತ ಇದಲ್ಲ. ಹಳ್ಳಿಯವರ ಧಾನ್ಯದಿಂದ, ಆಮೇಲೆ ಅವರ ಮಕ್ಕಳ ಬೆವರಿನಿಂದ ಕಾರ್ಖಾನೆ ಕಟ್ಟಿದ ರಾಜ್ಯ, ಅವರ ಮುಪ್ಪಿನ ಹೊತ್ತಿಗೆ ಮಿತವ್ಯಯದ ಪಾಠ ಹೇಳುವುದು ಕ್ರೂರ ಎನಿಸುತ್ತದೆ.

ಶ್ರೀಮಂತರಿಂದ ಹಣ ಬರುವ ದಾರಿ ಇನ್ನೂ ವಿಚಿತ್ರ. ಅರ್ಥಶಾಸ್ತ್ರಜ್ಞ ಲಿ ಯಿನಿಂಗ್ ತೊಂಬತ್ತರ ದಶಕದಲ್ಲಿ ‘ಮೂರನೇ ಹಂಚಿಕೆ’ಯ ಮಾತಾಡಿದ್ದರು: ಮಾರುಕಟ್ಟೆ ಕೊಟ್ಟದ್ದು, ತೆರಿಗೆ ಹಂಚಿದ್ದು, ಆಮೇಲೆ ಮನಸ್ಸಿನಿಂದ ದಾನ ಮಾಡಿದ್ದು. ಈ ಮೂರನೆಯದು ನಡೆದ ಬಗೆ ನೋಡಿ: 2021ರ ಏಪ್ರಿಲ್‌ನಲ್ಲಿ ಅಲಿಬಾಬಾಗೆ 1,820 ಕೋಟಿ ಯುವಾನ್ ದಂಡ ಬಿತ್ತು. ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ಸರ್ವರ ಸಮೃದ್ಧಿಗೆಂದು 10,000 ಕೋಟಿ ಯುವಾನ್ ಘೋಷಿಸಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂಬ ಲೆಕ್ಕದ ಇಂಥ ಔದಾರ್ಯವನ್ನು ನ್ಯಾಯ ಎನ್ನಲು ನನಗೆ ಆಗದು. ತೆರಿಗೆಗಾದರೆ ನಿಯಮವಿರುತ್ತದೆ, ಲೆಕ್ಕ ಕೇಳಬಹುದು. ಲೇಖನವೇ ಬೇಕೆಂದ ಮನೆ ತೆರಿಗೆಯ ಪ್ರಯೋಗಕ್ಕೆ ಅದೇ ಅಕ್ಟೋಬರ್‌ನಲ್ಲಿ ಶಾಸನಸಭೆ ಅನುಮತಿ ಕೊಟ್ಟಿತು. 2022ರ ಮಾರ್ಚ್ ಹೊತ್ತಿಗೆ ಹಣಕಾಸು ಸಚಿವಾಲಯ ಈ ವರ್ಷ ಆಗದು ಎಂದು ಕೈಚೆಲ್ಲಿತು. ಭೂಮಿಯ ಬೆಲೆ ಏರಿ ಬಂದ ಲಾಭ ಸಮಾಜದ್ದು ಎಂದು ಕ್ರಾಂತಿಕಾರಿ ನಾಯಕ ಸನ್ ಯಾತ್ ಸೆನ್ ನೂರು ವರ್ಷಕ್ಕೂ ಹಿಂದೆ ವಾದಿಸಿದ ನಾಡಿದು.

ಮೇಲಿನವರು ಕೊಟ್ಟಷ್ಟನ್ನು ಪಡೆಯಬೇಕೆಂಬ ಈ ನೋಟದ ಬೇರು ಹಳೆಯದು. ಅಸಮ ಹಂಚಿಕೆಯ ಬಗ್ಗೆ ಕನ್ಫ್ಯೂಷಿಯಸ್ ಆಡಿದ ಪ್ರಸಿದ್ಧ ಮಾತು ಆಳುವವನನ್ನು ಕುರಿತದ್ದು: ಚಿಂತಿಸಬೇಕಾದವನು ಅವನು. ಪ್ರಜೆ ಎದ್ದು ಕೇಳಬಹುದೆಂಬ ಪ್ರಶ್ನೆ ಅಲ್ಲಿ ಏಳಲಿಲ್ಲ, ಚಿಯುಷಿಯಲ್ಲೂ ಏಳುವುದಿಲ್ಲ. 2018ರಲ್ಲಿ ಶೆನ್‌ಜೆನ್‌ನ ಕಾರ್ಖಾನೆಯೊಂದರ ಕಾರ್ಮಿಕರು ಸ್ವಂತ ಸಂಘ ಕಟ್ಟಲು ಹೊರಟಾಗ, ಅವರ ಬೆಂಬಲಕ್ಕೆ ನಿಂತ ಮಾರ್ಕ್ಸ್‌ವಾದಿ ವಿದ್ಯಾರ್ಥಿಗಳನ್ನೂ ಪೊಲೀಸರು ಹಿಡಿದೊಯ್ದರು. ಮುಷ್ಕರದ ಹಕ್ಕನ್ನು 1982ರ ಸಂವಿಧಾನ ತೆಗೆದುಹಾಕಿತ್ತು. 2021ರ ಲೇಖನ ಅದನ್ನು ಮರಳಿ ಕೊಡುವ ಮಾತೆತ್ತುವುದಿಲ್ಲ.